ಎಣಿಸದ ತಗಡುಗಳು

"ಏನೇ, ತೂತು ತಗಡು ತಂದು ಹಾಕಿದ್ದೀಯಲ್ಲೇ! ಇದನ್ನ ಮುಚ್ಚಿದರೇನು, ಬಿಟ್ಟರೇನು?"

ಹಿತ್ತಿಲಿನಿಂದ ಅಮ್ಮ ಕೂಗಿದಾಗ ಅಕ್ಕ ಒಳಗೆ ಬಟ್ಟೆ ಮಡಿಸುತ್ತಿದ್ದಳು. ಭಾನುವಾರ, ಬೆಳಗಿನ ಹತ್ತು ಗಂಟೆ. ನೀರಿನ ಡ್ರಮ್ಮಿನ ಮರದ ಮುಚ್ಚಳ ಹಿಂದಿನ ದಿನ ಎರಡು ಹೋಳಾಗಿತ್ತು. ಒಲೆಯ ಹಿಂದಿನ ಗೋಡೆಗೆ ಮಸಿ ಹತ್ತದಿರಲೆಂದು ಅಕ್ಕ ಆರು ವರ್ಷದ ಹಿಂದೆ ಆಫೀಸಿನಿಂದ ತಂದು ಒರಗಿಸಿಟ್ಟಿದ್ದ ತಗಡನ್ನು ಅಮ್ಮ ಎಳೆದು ತಂದು, ತಿಕ್ಕಿ ತೊಳೆದು, ಡ್ರಮ್ಮಿನ ಮೇಲೆ ಹಾಕಿದ್ದಳು.

"ಅದು ತೂತಲ್ಲಮ್ಮಾ, ತಗ್ಗು. ಆಫೀಸಿನ ತಗಡು ಅಂದ್ರೆ ಹಾಗೇ ಇರೋದು."

"ನನ್ನ ಕಣ್ಣೇನು ಕುರುಡಾ? ಬಂದು ನೋಡು."

ಅಕ್ಕ ಬಂದು ನೋಡಿದಳು. ಅಮ್ಮ ತಗಡಿನ ಒಂದು ಅಂಚನ್ನು ಎರಡು ಬೆರಳಷ್ಟು ಎತ್ತಿ ಹಿಡಿದಿದ್ದಳು. ಒಳಗೆ ಕಪ್ಪು ನೀರು. ನೀರಿನ ಮೇಲೆ ಮೆಣಸಿನ ಕಾಳಿನಷ್ಟು ಬಿಸಿಲು ಬಿದ್ದು ಅಲುಗುತ್ತಿತ್ತು. ಅಕ್ಕ ತಗಡನ್ನು ತೆಗೆದು ಮಗುಚಿ ನೋಡಿದಳು. ತೂತಿನ ಅಂಚು ಹಿಂದಕ್ಕೆ ಸಿಡಿದು ಮುಳ್ಳು ಮುಳ್ಳಾಗಿತ್ತು. ಮೂಲೆಯಲ್ಲಿ ಉಳಿಯಿಂದ ಹೊಡೆದ ತಾರೀಕು ಇತ್ತು. ಅದನ್ನು ಅವಳು ಎರಡು ಸಲ ಓದಿದಳು.

"ಒಂದು ಚೂರು ಸೋಪು ಮೆತ್ತಿದರೆ ಆಯ್ತು," ಅಂದಳು ಅಮ್ಮ. "ಅದಕ್ಯಾಕೆ ಹೆಣ ಕಂಡವಳ ಹಾಗೆ ನಿಂತಿದ್ದೀಯ?"

ಅಕ್ಕ ಎಂದರೆ ಅವಳನ್ನು ಎಲ್ಲರೂ ಕರೆಯುತ್ತಿದ್ದ ಹೆಸರು. ಮೊದಲು ಹಾಗೆ ಕರೆದವನು ತಮ್ಮ. ಅವನಿಗೆ ನಾಲ್ಕು ವರ್ಷ, ಇವಳಿಗೆ ಹದಿನಾರು ಇದ್ದಾಗ ಅಪ್ಪ ತೀರಿಕೊಂಡಿದ್ದರು. ಆಮೇಲೆ ಕೆಲಸದ ಕಡೆಯೂ ಅದೇ ಹೆಸರಾಯಿತು, ಇವಳಿಗಿಂತ ಹತ್ತು ವರ್ಷ ದೊಡ್ಡವರೂ ನಾಚಿಕೆಯಿಲ್ಲದೆ ಅಕ್ಕ ಎಂದರು. ತಾಯಿಗೆ ಮಾತ್ರ ಇವಳು ಇನ್ನೂ 'ಏನೇ', ಆಫೀಸಿನ ಮುಖ್ಯಸ್ಥರಿಗೆ 'ಅಮ್ಮ'. ಇವಳ ಕೆಲಸ ಎಣಿಸುವುದು. ಮದುವೆಗೆಂದು ನೋಡಲು ಬಂದಿದ್ದ ಒಬ್ಬನ ಕೂದಲಿನಲ್ಲಿ ನರೆತದ್ದು ಎಷ್ಟೆಂದು ಎಣಿಸಿ ಎದುರಿಗೇ ಹೇಳಿಬಿಟ್ಟಳಂತೆ. ಅಮ್ಮ ಇದನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು, ನಕ್ಕ ಮೇಲೆ ಒಂದು ನಿಟ್ಟುಸಿರು ಬಿಡುತ್ತಿದ್ದಳು.

ಅವಳು ಎಣಿಸುತ್ತಿದ್ದದ್ದು ತಗಡಿನ ಮೇಲಿನ ತಗ್ಗುಗಳನ್ನು. ಊರ ಹೊರಗಿನ ಉದ್ದನೆಯ ಶೆಡ್ಡಿನಲ್ಲಿ ಮೂವತ್ತು ಅಡಿಯ ಒಂದು ಬಂದೂಕು ಮಲಗಿತ್ತು. ಮದ್ದು ಉರಿದು ಅನಿಲವನ್ನು ಒತ್ತಿ, ಅನಿಲ ಒಂದು ಸಣ್ಣ ಅಲ್ಯೂಮಿನಿಯಂ ಗುಂಡನ್ನು ನೂಕಿ, ಆ ಗುಂಡು ಒಂದು ಸೆಕೆಂಡಿಗೆ ಏಳು ಕಿಲೋಮೀಟರ್ ಹೋಗುವ ವೇಗದಲ್ಲಿ ಎದುರಿನ ತಗಡಿಗೆ ಬಡಿಯಬೇಕು. ಎದುರಿಗೆ ಇರುವುದು ಎರಡು ತಗಡು. ಮುಂದಿನದು ತೆಳ್ಳಗೆ, ಬೆರಳಿನಿಂದ ಒತ್ತಿದರೆ ಬಾಗುವಂಥದ್ದು. ಒಂದು ಗೇಣು ಬಿಟ್ಟು ಹಿಂದಿನದು, ಅದಕ್ಕಿಂತ ದಪ್ಪ. ಬಾಹ್ಯಾಕಾಶಕ್ಕೆ ಜನರನ್ನು ಹೊತ್ತು ಹೋಗುವ ಕ್ಯಾಬಿನ್ನಿನ ಗೋಡೆಯೂ ಹೀಗೇ ಎರಡು ಪದರ. ಆಕಾಶದಲ್ಲಿ ಸುತ್ತುವ ಹಳೆಯ ಲೋಹದ ಚೂರು ಬಂದು ಬಡಿದರೆ ಮುಂದಿನ ತಗಡು ತಾನು ತೂತಾಗಿ ಆ ಚೂರನ್ನು ಪುಡಿ ಮಾಡುತ್ತದೆ. ಪುಡಿ ಹರಡಿಕೊಂಡು ಹಿಂದಿನ ಗೋಡೆಗೆ ಎರಚಿದ ಹಾಗೆ ಬೀಳುತ್ತದೆ, ಒಳಗಿನವರು ಬದುಕುತ್ತಾರೆ. ಹಿಂದಿನ ತಗಡಿನ ಮೇಲೆ ಆ ಎರಚಲು ಬಿಟ್ಟ ತಗ್ಗುಗಳು ಮುನ್ನೂರೋ ನಾನೂರೋ ಇರುತ್ತಿದ್ದವು. ಭೂತಗನ್ನಡಿ ಹಿಡಿದು ಒಂದೊಂದನ್ನೂ ಎಣಿಸಿ ಬರೆಯುವವಳು ಅಕ್ಕ. ಹನ್ನೊಂದು ವರ್ಷದಲ್ಲಿ ಒಂದು ತಗ್ಗೂ ತಪ್ಪಿರಲಿಲ್ಲ ಎಂದು ಅವಳಿಗೆ ಸ್ವಲ್ಪ ಜಂಬವೇ ಇತ್ತು.

ಬಂದೂಕು ಹಳೆಯದು, ಅದಕ್ಕೂ ಅದರದೇ ಮರ್ಜಿ. ಕೆಲವು ದಿನ ಸೀಲು ಸೋರಿ ಗುಂಡು ಐದರಲ್ಲೋ ಮೂರರಲ್ಲೋ ಹೋಗುತ್ತಿತ್ತು. ಅದಕ್ಕೆ ಬಿದ್ದ ಹೊಡೆತ ಎನ್ನುತ್ತಿದ್ದರು. ಮೊದಮೊದಲು ಆ ತಗಡುಗಳನ್ನೂ ಎಣಿಸಬೇಕಿತ್ತು. ಏಳು ವರ್ಷದ ಹಿಂದೆ, ಕಣ್ಣು ಉರಿದು ಉರಿದು ನೀರು ಸುರಿಯುತ್ತಿದ್ದ ಒಂದು ದಿನ, ಅಕ್ಕನೇ ಮುಖ್ಯಸ್ಥರ ಮುಂದೆ ನಿಂತು, ಕೆಟ್ಟುಹೋದ ಹೊಡೆತವನ್ನು ಯಾಕೆ ಸಾರ್ ಎಣಿಸಬೇಕು, ಅದರಿಂದ ಯಾರಿಗೇನು ಉಪಯೋಗ ಎಂದು ಕೇಳಿದ್ದಳು. ಅವರೂ ಹೌದಲ್ಲ ಎಂದರು. ದಾಖಲೆ ಪುಸ್ತಕದ ಒಳರಟ್ಟಿನ ಮೇಲೆ ಅಕ್ಕನೇ ದುಂಡು ಅಕ್ಷರದಲ್ಲಿ ಬರೆದಳು: ಆರಕ್ಕಿಂತ ಕಡಿಮೆ ವೇಗದ ಹೊಡೆತಗಳನ್ನು ಎಣಿಸತಕ್ಕದ್ದಲ್ಲ. ಕೆಳಗೆ ಮುಖ್ಯಸ್ಥರು ಸಹಿ ಹಾಕಿದರು. ಅಂದಿನಿಂದ ಅಂಥ ಹೊಡೆತದ ಹಿಂದಿನ ತಗಡಿಗೆ ಒಂದು ತಾರೀಕು ಹೊಡೆದು ಶೆಡ್ಡಿನ ಹಿಂದೆ ಎಸೆಯುವುದು ರೂಢಿಯಾಯಿತು. ಒಳ್ಳೆಯ ತಗಡು, ಬಿಸಾಡಲು ಯಾರಿಗೆ ಮನಸ್ಸು ಬರುತ್ತದೆ? ಬೇಕಾದವರು ಮನೆಗೆ ಒಯ್ದರು.

ಇನ್ನು ಹತ್ತು ದಿನಕ್ಕೆ ಆ ಕ್ಯಾಬಿನ್ ಇಬ್ಬರನ್ನು ಹೊತ್ತು ಮೇಲೆ ಹೋಗುವುದಿತ್ತು. ಅವರಲ್ಲಿ ಒಬ್ಬ ಅವಳ ತಮ್ಮ. ಮುಂದಿನ ಎರಡು ಹಲ್ಲು ತುಸು ಉದ್ದವೆಂದು ಮನೆಯಲ್ಲಿ ಅವನಿಗೆ ಮೊಲ ಎಂದೇ ಹೆಸರು.

ಸೋಮವಾರ ಅಕ್ಕ ಎಲ್ಲರಿಗಿಂತ ಮುಂಚೆ ಹೋಗಿ ದಾಖಲೆ ಪುಸ್ತಕ ತೆಗೆದಳು. ತಾರೀಕು ಸಿಕ್ಕಿತು. ವೇಗ: ಮೂರು. ಎಣಿಕೆಯ ಮನೆಯಲ್ಲಿ ಒಂದು ಅಡ್ಡಗೆರೆ. ಏಳು ವರ್ಷದಲ್ಲಿ ಅಂಥ ಅಡ್ಡಗೆರೆ ಇಪ್ಪತ್ತಮೂರು ಇದ್ದವು, ಎಲ್ಲವೂ ಅವಳೇ ಸ್ಕೇಲಿಟ್ಟು ಎಳೆದದ್ದು.

ಬಂದೂಕನ್ನು ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ಬಂದಾಗ ಅವಳು ಪುಸ್ತಕವನ್ನು ಅವನ ಕಡೆ ತಿರುಗಿಸಿದಳು.

"ನಿಧಾನ ಹೋದದ್ದು ಹಿಂದಿನ ತಗಡನ್ನೂ ತೂರಿ ಪಾರಾಗಿದೆ ಮೇಸ್ತ್ರಿ. ಜೋರಾಗಿ ಹೋದದ್ದು ಒಂದಾದರೂ ಪಾರಾಗಿದೆಯಾ?"

ಮೇಸ್ತ್ರಿ ಬಾಯಿಬಡುಕ. ಎರಡು ಮಾತಿಗೊಂದು ತಮಾಷೆ ಮಾಡದಿದ್ದರೆ ತಿಂದದ್ದು ಅರಗದು. ಅವನು ತಮಾಷೆ ಮಾಡದೆ ಅಡ್ಡಗೆರೆಗಳ ಮೇಲೆ ಬೆರಳು ಓಡಿಸಿದ. ಕುರ್ಚಿ ಎಳೆದುಕೊಂಡು ಕೂತ.

"ಅದು ಹಾಗೇ ಅಲ್ವೇನಕ್ಕ," ಅಂದ ಕೊನೆಗೆ. "ಜೋರಾಗಿ ಬಂದ್ರೆ ತಗಡಿಗೆ ಬಡಿದ ಕ್ಷಣಕ್ಕೇ ಗುಂಡು ಪುಡಿಪುಡಿ, ಅರ್ಧ ಕರಗೇ ಹೋಗುತ್ತೆ. ನಿಧಾನ ಬಂದ್ರೆ ಒಡೆಯೋಕೇ ಪುರುಸೊತ್ತು ಸಿಗಲ್ಲ... ಅಲ್ಲ, ಒಡೆಯೋವಷ್ಟು ಏಟೇ ಬೀಳಲ್ಲ. ಮುಂದಿನ ತಗಡನ್ನ ದಾಟಿ ಇಡಿಯಾಗೇ ಹೋಗಿ ಹಿಂದಿನದಕ್ಕೆ ನಾಟುತ್ತೆ. ಗೊತ್ತಿತ್ತಲ್ಲ ಇದು. ಎಲ್ಲರಿಗೂ ಗೊತ್ತಿತ್ತು. ಆದ್ರೆ ಹಿಂದಿನದು ತಡೆಯುತ್ತೆ ಅಂತ ಲೆಕ್ಕದಲ್ಲಿ ಇತ್ತಲ್ಲ?"

"ಯಾರು ನೋಡಿದ್ರು?"

"ಯಾರು ನೋಡ್ತಾರೆ," ಅಂದ ಮೇಸ್ತ್ರಿ. "ಎಣಿಸೋ ಹಾಗಿಲ್ವಲ್ಲ."

ಅವನು ಚುಚ್ಚಬೇಕೆಂದು ಹೇಳಿದ್ದಲ್ಲ. ಆದರೂ ಅದು ನಾಟಿತು. ಅಕ್ಕ ಎದ್ದು ಮುಖ ತೊಳೆದುಕೊಂಡು ಬಂದಳು.

ಅವತ್ತು ಮಧ್ಯಾಹ್ನದಿಂದ ಇಬ್ಬರೂ ಮೇಸ್ತ್ರಿಯ ಹಳೇ ವ್ಯಾನಿನಲ್ಲಿ ಮನೆ ಮನೆ ತಿರುಗಿದರು. ಮೇಸ್ತ್ರಿಯ ಮನೆಯಲ್ಲೇ ಎರಡು ಸಿಕ್ಕವು, ಕೋಳಿಗೂಡಿನ ಚಾವಣಿ. ಅವನ ಹೆಂಡತಿ ಸೊಂಟಕ್ಕೆ ಕೈಯಿಟ್ಟು, "ಕೊಟ್ಟದ್ದನ್ನ ಕಿತ್ಕೊಂಡು ಹೋಗೋ ಬುದ್ಧಿ ನಿಮಗೆ ಯಾವಾಗಿಂದ ಬಂತು?" ಎಂದು ಬೈದಳು. ಕ್ಯಾಂಟೀನಿನವಳ ಮನೆಯಲ್ಲಿ ಒಂದು ಪಾತ್ರೆ ಒಣಗಿಸುವ ಹಲಗೆಯಾಗಿತ್ತು. ನೀರು ಸೋರಿಹೋಗಲು ನಡುವೆ ತೂತಿರುವುದು ಬಹಳ ಅನುಕೂಲ ಎಂದು ಅವಳು ಹೊಗಳಿದಳು. ಡ್ರೈವರನ ಮನೆಯ ಬಚ್ಚಲ ಬಾಗಿಲಿಗೆ ಒಂದನ್ನು ಮೊಳೆ ಹೊಡೆದು ಕೂರಿಸಿದ್ದರು. ಅಲ್ಲಿಯ ತೂತಿಗೆ ಬಟ್ಟೆಯ ಚೂರು ತುರುಕಿತ್ತು. ಅಕ್ಕ ಬೆರಳಿನಿಂದ ಅದನ್ನು ಎಳೆದು ತೆಗೆದಾಗ ಒಳಗಿನ ಬಲ್ಬಿನ ಬೆಳಕು ಅವಳ ಅಂಗೈ ಮೇಲೆ ಬಿತ್ತು. ಒಂದೊಂದು ತಗಡು ವ್ಯಾನಿಗೆ ಬಿದ್ದಾಗಲೂ ಅವಳು ಅದರ ತಾರೀಕು ಬರೆದುಕೊಂಡಳು. ಇಷ್ಟು ಮನೆಗಳಲ್ಲಿ, ಇಷ್ಟು ಜನರ ಕಣ್ಣೆದುರು, ಇಷ್ಟು ವರ್ಷ!

ಸಂಜೆಗೆ ಇಪ್ಪತ್ತಮೂರರಲ್ಲಿ ಹನ್ನೊಂದು ತಗಡು ಸಿಕ್ಕಿದ್ದವು. ಮಂಗಳವಾರ ಬೆಳಿಗ್ಗೆ ಮುಖ್ಯಸ್ಥರ ಕೋಣೆಯ ಪೂರ್ವದ ಕಿಟಕಿಗೆ ಅವನ್ನು ಒಂದರ ಪಕ್ಕ ಒಂದು ಒರಗಿಸಿಟ್ಟು ಅಕ್ಕ ಉಳಿದ ಕಿಟಕಿಗಳ ಪರದೆ ಎಳೆದಳು. ಕೋಣೆ ಕತ್ತಲಾಯಿತು. ಮುಖ್ಯಸ್ಥರ ಮೇಜಿನ ಮೇಲೆ, ಕಾಗದಗಳ ಮೇಲೆ, ಅವರ ಬಿಳಿ ತೋಳಿನ ಮೇಲೆ ಎಂಟು ಬೆಳಕಿನ ಚುಕ್ಕೆಗಳು ಬಿದ್ದವು.

"ಐದರ ಹತ್ತಿರ ಹೋದ ಮೂರು ಹಿಂದಿನ ತಗಡಲ್ಲೇ ನಿಂತಿವೆ ಸಾರ್," ಅಂದಳು ಅಕ್ಕ. "ಮೂರರ ಆಸುಪಾಸಿನ ಎಂಟೂ ಪಾರಾಗಿವೆ."

ಮುಖ್ಯಸ್ಥರು ಕೆಟ್ಟವರಲ್ಲ. ತಪ್ಪು ಮಾಡಿದವರನ್ನು ಗದರಿಸಿ, ಆಮೇಲೆ ತಾವೇ ಕರೆದು ಕಾಫಿ ಕುಡಿಸುವವರು. ಅವರು ತಮ್ಮ ತೋಳಿನ ಮೇಲಿನ ಚುಕ್ಕೆಯನ್ನು ಇನ್ನೊಂದು ಕೈಯಿಂದ ಒರೆಸಿದರು. ಅದು ಕೈಯ ಮೇಲೆ ಬಂದು ಕೂತಿತು.

"ಬಿದ್ದ ಹೊಡೆತಗಳಮ್ಮ ಇವು. ಗುಂಡು ಕೂರೋ ಬಟ್ಟಲೇ ಒಡೆದು ಅದರ ಚೂರು ಬಡಿದಿರಬಹುದು. ಇದನ್ನ ಮೇಲಿನವರಿಗೆ ಕಳಿಸಿದರೆ ನನ್ನ ಮುಖಕ್ಕೇ ಎಸೀತಾರೆ."

"ಹಾಗಾದರೆ ಬೇಕೂಂತಲೇ ನಿಧಾನವಾಗಿ ಒಂದು ಹೊಡೀರಿ."

"ಆಕಾಶದಲ್ಲಿ ನಿಧಾನವಾಗಿ ಬರೋ ಚೂರು ನೂರಕ್ಕೆ ಒಂದೋ ಎರಡೋ."

"ಹೋದ ತಿಂಗಳು ಒಡೆದುಹೋಯಿತಲ್ಲ ಸಾರ್, ಆ ಹಳೇ ಉಪಗ್ರಹ? ಅದರ ಚೂರುಗಳು ಇವರ ದಾರೀಲೇ, ಸ್ವಲ್ಪ ಓರೆಯಾಗಿ ಸುತ್ತುತ್ತಾ ಇವೆ ಅಂತ ನೀವೇ ಮೀಟಿಂಗಿನಲ್ಲಿ ಹೇಳಿದ್ರಿ. ಒಂದೇ ಕಡೆ ಹೋಗೋವು ಒಂದಕ್ಕೊಂದು ತಾಗಿದರೆ ನಿಧಾನವಾಗೇ ಅಲ್ವಾ ತಾಗೋದು?"

ಮುಖ್ಯಸ್ಥರು ಮೇಸ್ತ್ರಿಯನ್ನು ಕರೆಸಿದರು.

ಬುಧವಾರ ಮೇಸ್ತ್ರಿ ಮದ್ದನ್ನು ಎರಡು ಸಲ ತೂಗಿ, ಅರ್ಧಕ್ಕೂ ಕಡಿಮೆ ಹಾಕಿದ. ಈ ಬಂದೂಕನ್ನು ಜೋರು ಮಾಡಲು ತಲೆ ಕೆಡಿಸಿಕೊಂಡೇ ಅವನ ಕೂದಲು ಉದುರಿತ್ತು. ನಿಧಾನ ಮಾಡಲು ಯಾರೂ ಅವನಿಗೆ ಹೇಳಿದ್ದೇ ಇಲ್ಲ. ಎಲ್ಲರೂ ದಪ್ಪ ಗೋಡೆಯ ಈಚೆ ಬಂದು ನಿಂತರು. ಸದ್ದು ಯಾವತ್ತಿನಂತೆ ಎದೆಗೆ ಗುದ್ದಲಿಲ್ಲ, ಯಾರೋ ಪಕ್ಕದ ಮನೆಯ ಬಾಗಿಲು ಹಾಕಿದ ಹಾಗೆ ಕೇಳಿತು. ವೇಗ ಮೂರು ಎಂದು ತೋರಿಸಿತು. ಮೇಸ್ತ್ರಿ ತಗಡುಗಳನ್ನು ನಿಲ್ಲಿಸಿದ್ದ ತೊಟ್ಟಿಯ ಬಾಗಿಲು ತೆಗೆದು, ಹಿಂದಿನ ತಗಡನ್ನು ಬಿಚ್ಚಿ, ಎತ್ತಿ ಹಿಡಿದ. ಅದು ನುಣುಪಾಗಿತ್ತು. ಎರಚಲಿಲ್ಲ, ತಗ್ಗುಗಳಿಲ್ಲ, ಎಣಿಸಲು ಏನೂ ಇಲ್ಲ. ನಟ್ಟನಡುವೆ ಒಂದು ತೂತು, ಅದರಲ್ಲಿ ಮೇಸ್ತ್ರಿಯ ಅಂಗಿಯ ನೀಲಿ ಕಾಣುತ್ತಿತ್ತು.

"ಥೂ, ನನ್ನ ಕೈಗಿಷ್ಟು," ಅಂದ ಮೇಸ್ತ್ರಿ, ಯಾರಿಗೂ ಅಲ್ಲ.

ಮುಖ್ಯಸ್ಥರು ಅವತ್ತೇ ಮೇಲಧಿಕಾರಿಗಳಿಗೆ ಬರೆದರು. ಶುಕ್ರವಾರ ಉತ್ತರ ಬಂತು. ಅವರು ಅಕ್ಕನನ್ನು ಕರೆದು ಕಾಗದವನ್ನು ಅವಳ ಕಡೆಗೆ ನೂಕಿದರು. ಅವರ ಪತ್ರದ ಮೇಲೆಯೇ ಒಂದು ಮೊಹರು ಒತ್ತಿ ವಾಪಸು ಕಳಿಸಿದ್ದರು: ಗಮನಿಸಲಾಗಿದೆ. ಅಷ್ಟೇ. ಅದರ ಜೊತೆಗೆ, ಆರಕ್ಕಿಂತ ಕಡಿಮೆ ವೇಗದ ಹೊಡೆತಗಳು ಈ ಘಟಕದ ಸ್ವಂತ ನಿಯಮದ ಪ್ರಕಾರವೇ ಲೆಕ್ಕಕ್ಕೆ ಬರುವುದಿಲ್ಲವೆಂದು ಒಂದು ಸಾಲು, ಪುರಾವೆಗೆ ಆ ಒಳರಟ್ಟಿನ ನಕಲು. ಅಕ್ಕನದೇ ದುಂಡು ಅಕ್ಷರ.

"ಕ್ಯಾಬಿನ್ ಹೋಗೋದಕ್ಕೆ ಎಣಿಕೆ ಪತ್ರದ ಮೇಲೆ ನಿಮ್ಮ ಸಹಿ ಬೇಕು," ಅಂದರು ಮುಖ್ಯಸ್ಥರು. ಅವರ ದನಿ ಇಳಿದಿತ್ತು. "ಭಾನುವಾರದೊಳಗೆ. ನೀವು ಹಾಕದಿದ್ರೆ ಬೇರೆ ಕಡೆಯಿಂದ ಎಣಿಸೋರನ್ನ ಕರೆಸಿ ಹಾಕಿಸ್ತಾರೆ. ನಾನು ಎಷ್ಟು ಹೇಳಬೇಕೋ ಅಷ್ಟು ಹೇಳಿದೆ, ಅಕ್ಕ. ಇಲ್ಲಿವರೆಗೂ ಬಂದಿದೆ." ಅವರು ಗಂಟಲ ಹತ್ತಿರ ಕೈ ಇಟ್ಟು ತೋರಿಸಿದರು. ಅವರು ಅವಳನ್ನು ಅಕ್ಕ ಎಂದದ್ದು ಅದೇ ಮೊದಲು.

ಶನಿವಾರ ಮನೆಯವರಿಗೆ ಕೊನೆಯ ಭೇಟಿ. ಸೋಂಕು ತಾಗದಿರಲೆಂದು ಹೋಗುವವರನ್ನು ಗಾಜಿನ ಆಚೆ ಕೂರಿಸಿದ್ದರು. ಈಚೆಗೊಂದು ಆಚೆಗೊಂದು ಫೋನು. ಮೊದಲು ಅಮ್ಮ ಮಾತಾಡಿದಳು. ಊಟ ಸರಿಯಾಗಿ ಮಾಡು, ತಲೆ ಒರೆಸಿಕೋ ಎಂದೆಲ್ಲ ಹೇಳಿ, ಅವನು ಬರೆದು ಹೊರಗೆ ಕಳಿಸಿದ್ದ ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಅವನು ಯಾವ ದಿನ ಎಷ್ಟು ಹೊತ್ತಿಗೆ ತಮ್ಮ ಮನೆಯ ಮೇಲೆ ಹಾದುಹೋಗುತ್ತಾನೆಂದು ಅದರಲ್ಲಿ ಇತ್ತು. ಕಣ್ಣೊರೆಸಿಕೊಳ್ಳಲು ಅವಳು ಹೊರಗೆ ಹೋದ ಮೇಲೆ ಅಕ್ಕ ಫೋನು ಹಿಡಿದಳು.

"ಏನಕ್ಕ, ಇನ್ನೂ ಎಣಿಸ್ತಾನೇ ಇದ್ದೀಯಾ? ಮುಖ ಯಾಕೆ ಹಾಗೆ? ಹೋಗ್ತಿರೋನು ನಾನಪ್ಪಾ, ನೀನಲ್ಲ."

ಅವಳು ಎಲ್ಲ ಹೇಳಿದಳು. ಡ್ರಮ್ಮು, ಕೋಳಿಗೂಡು, ಮೂರರ ವೇಗ, ನೂರಕ್ಕೆ ಎರಡು ಎಂದದ್ದು, ಮೊಹರು. ಒಳರಟ್ಟಿನ ಮೇಲೆ ಬರೆದವಳು ತಾನೇ ಎಂಬುದನ್ನೂ ಹೇಳಿದಳು.

"ತೂತು ಎಷ್ಟು ದೊಡ್ಡದು?" ಎಂದು ಮೊಲ ಕೇಳಿದ.

ಅಕ್ಕ ಕಿರುಬೆರಳಿನ ಉಗುರನ್ನು ಗಾಜಿಗೆ ಒತ್ತಿ ತೋರಿಸಿದಳು. "ಇದಕ್ಕಿಂತ ಚಿಕ್ಕದು."

"ಅಷ್ಟೇನಾ!" ಎಂದು ಅವನು ನಕ್ಕ. ಎರಡು ಹಲ್ಲು ಹೊರಗೆ ಬಂದವು. ಆಮೇಲೆ ನಗು ನಿಂತಿತು, ಹಲ್ಲು ಹಾಗೇ ಉಳಿದವು.

"ಹೋಗಬೇಡ ಕಣೋ," ಅಂದಳು ಅಕ್ಕ. "ಹೊಟ್ಟೆನೋವು ಅನ್ನು. ಏನಾದರೂ ಅನ್ನು."

"ನಾನು ಬಿಟ್ಟರೆ ಪಕ್ಕದ ಕೋಣೇಲಿ ಇನ್ನೊಬ್ಬ ಕಾಯ್ತಾ ಇದ್ದಾನೆ. ಅವನಿಗೂ ಅಕ್ಕ ಇದ್ದಾಳೆ, ತಂಗಿನೂ ಇದ್ದಾಳೆ. ಗೋಡೆ ಅದೇ ತಾನೇ?" ಅವನು ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ. ಚಿಕ್ಕಂದಿನಲ್ಲಿ ಅವಳ ಜಡೆಯ ತುದಿಯನ್ನು ಹಾಗೇ ಸುತ್ತಿಕೊಂಡು ನಿದ್ದೆ ಹೋಗುತ್ತಿದ್ದ. "ಆರು ವರ್ಷ ಇದಕ್ಕೇ ಬದುಕಿದ್ದೀನಿ ಅಕ್ಕ. ನೂರಕ್ಕೆ ಎರಡು ಅಂದೆಯಲ್ಲ. ತೊಂಬತ್ತೆಂಟು ನನ್ನ ಕಡೆಗಿದೆ."

ಅಕ್ಕ ತಲೆಯಾಡಿಸಿದಳು. ಹೌದೆಂದೋ ಅಲ್ಲವೆಂದೋ ಅವಳಿಗೇ ತಿಳಿಯಲಿಲ್ಲ. ಆಚೆ ಬದಿಯ ಬಾಗಿಲಲ್ಲಿ ಯಾರೋ ನಿಂತು ಗಡಿಯಾರ ತೋರಿಸಿದರು. ಮೊಲ ಏಳಲು ಹೋದವನು ಮತ್ತೆ ಕೂತು, ಫೋನನ್ನು ಬಾಯಿಗೆ ಹತ್ತಿರ ತಂದ.

"ಎಲ್ಲಿ ಕೂತರೆ ಒಳ್ಳೇದು ಅಕ್ಕ?"

"ನಾನು ತಗಡು ಎಣಿಸೋಳು ಕಣೋ," ಅಂದಳು ಅವಳು. "ಒಳಗೆ ಕುರ್ಚಿ ಎಲ್ಲಿದೆ ಅಂತ ಕೂಡ ನಂಗೆ ಗೊತ್ತಿಲ್ಲ."

ಭಾನುವಾರ ಅವಳು ಶೆಡ್ಡಿಗೆ ಹೋಗಿ ಎಣಿಕೆ ಪತ್ರ ತೆಗೆದುಕೊಂಡಳು. ಎಲ್ಲ ಸಾಲುಗಳೂ ತುಂಬಿದ್ದವು: ಮುನ್ನೂರ ಹನ್ನೆರಡು, ಇನ್ನೂರ ಎಂಬತ್ತೇಳು, ನಾನೂರ ಐದು. ಕೆಳಗೆ ಒಂದು ಹೊಸ ಗೆರೆ ಎಳೆದು ಬರೆದಳು: ವೇಗ ಮೂರು. ಎಣಿಕೆ ಒಂದು. ಪಾರಾಗಿದೆ. ಅದರ ಕೆಳಗೆ ಸಹಿ ಹಾಕಿ, ಮುಖ್ಯಸ್ಥರ ಮೇಜಿನ ಮೇಲಿಟ್ಟಳು. ಅವರು ಓದಿದರು, ಕನ್ನಡಕ ತೆಗೆದರು, ಆ ಸಾಲನ್ನು ಹೊಡೆದು ಹಾಕದೆ ತಾವೂ ಸಹಿ ಮಾಡಿದರು. ಪತ್ರ ಮೇಲಕ್ಕೆ ಹೋಯಿತು. ಮರುದಿನ ಬಂದ ನಕಲಿನ ಮೇಲೆ ಅದೇ ಮೊಹರು ಇತ್ತು. ಹನ್ನೊಂದು ತಗಡುಗಳನ್ನು, ಅವು ದಾಖಲೆಗೆ ಸೇರಿದವಲ್ಲವಾದ್ದರಿಂದ, ಅವರವರ ಮನೆಗೆ ತಲುಪಿಸಬೇಕೆಂದು ಹೇಳಿದ್ದರು. ಮೇಸ್ತ್ರಿ ವ್ಯಾನಿನಲ್ಲಿ ಹಾಕಿಕೊಂಡು ಹೋಗಿ ಹಂಚಿ ಬಂದ. ಕ್ಯಾಂಟೀನಿನವಳಿಗೆ ಸಂತೋಷವಾಯಿತು.

ಬುಧವಾರ ಮೊಲ ಹೋದ. ಹೊಗೆ ಎದ್ದು, ಬೆಂಕಿ ಎದ್ದು, ಎಲ್ಲ ಸರಿಯಾಗಿ ನಡೆಯಿತು. ಅಕ್ಕಪಕ್ಕದವರು ಬಂದು ಅಮ್ಮನ ಕೈ ಹಿಡಿದುಕೊಂಡರು. ಅಕ್ಕ ಎಲ್ಲರಿಗೂ ಕಾಫಿ ಮಾಡಿದಳು. ಲೋಟಗಳನ್ನು ಮೂರು ಸಲ ಎಣಿಸಿದಳು, ಮೂರು ಸಲವೂ ಬೇರೆ ಬೇರೆ ಬಂತು. ಒಂಬತ್ತು ದಿನ ಅವನು ಸುತ್ತಬೇಕಿತ್ತು.

ಮೂರನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಅಮ್ಮ ಚೀಟಿ ಹಿಡಿದು ಹಿತ್ತಿಲಲ್ಲಿ ನಿಂತಿದ್ದಳು. "ಬಾರೇ, ಇನ್ನೇನು ಬರ್ತಾನೆ." ಹಗಲಿನಲ್ಲಿ ಏನೂ ಕಾಣುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದಳು. ಅಕ್ಕ ಕೊಡ ಹಿಡಿದು ಡ್ರಮ್ಮಿನ ಹತ್ತಿರ ಬಂದು ತಗಡಿನ ಅಂಚು ಎತ್ತಿದಳು. ಅಮ್ಮ ಮೆತ್ತಿದ್ದ ಸೋಪು ಬಿಸಿಲಿಗೆ ಒಣಗಿ ಬಿದ್ದುಹೋಗಿತ್ತು. ಕಪ್ಪು ನೀರಿನ ಮೇಲೆ ಆ ಚುಕ್ಕೆ ಇತ್ತು.

ಅವಳು ಕೊಡ ಕೆಳಗಿಟ್ಟು, ತಗಡು ಮುಚ್ಚಿ, ತೂತಿನ ಮೇಲೆ ಹೆಬ್ಬೆರಳು ಒತ್ತಿ ನಿಂತಳು. ತಗಡು ಕಾದಿತ್ತು.

"ಬಂದ," ಅಂದಳು ಅಮ್ಮ, ಗಡಿಯಾರ ನೋಡಿ. ಪಕ್ಕದ ಮನೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. "ದಾಟಿದ," ಅಂದಳು. "ಕೈ ತೆಗಿಯೇ, ಅಡುಗೆಗೆ ನೀರು ಬೇಕು."

"ಮತ್ತೆ ಎಷ್ಟು ಹೊತ್ತಿಗಮ್ಮಾ?"

ಅಮ್ಮ ಚೀಟಿಯನ್ನು ಕಣ್ಣಿನ ಹತ್ತಿರ ತಂದು ನೋಡಿದಳು. "ಒಂದೂವರೆ ಗಂಟೆ ಆಗುತ್ತೆ."

ಅಕ್ಕ ಕಾಲಿನಿಂದ ಸ್ಟೂಲನ್ನು ಎಳೆದುಕೊಂಡು ಡ್ರಮ್ಮಿನ ಪಕ್ಕದಲ್ಲಿ ಕೂತಳು. ಹೆಬ್ಬೆರಳು ತಗಡಿನ ಮೇಲೆಯೇ ಇತ್ತು.